ಸಾಹೇಬರ ಆದೇಶಕ್ಕೆ ಹುಲಿಗೆಮ್ಮನ ರಾಗ

ಮಗಳನ್ನು ಮಣ್ಣು ಮಾಡಿದ ದಿನವೇ ಒಬ್ಬ ತಾಯಿಯ ಕೆಲಸ ಕಿತ್ತುಕೊಂಡರು. ಬೀದಿ ಗುಡಿಸುವ ಹುಲಿಗೆಮ್ಮನ ತಪ್ಪು ಇಷ್ಟೇ: "ಮಗಳು ಸತ್ತಾಳ. ನಾಳೆ ಬರಂಗಿಲ್ಲ" ಎಂದು ಪುರಸಭೆಯ ಸಾಹೇಬರ ಮೊಬೈಲಿಗೆ ಬರೆದಳು.

ವಾರದ ಮೇಲೆ ವಜಾ ಆದೇಶ ಹಿಡಿದು ಕಚೇರಿಗೆ ಬಂದಳು. ಸಾಹೇಬರು ಎಲ್ಲರೆದುರು ಆ ಸಾಲನ್ನು ಗದರುವ ದನಿಯಲ್ಲಿ ಓದಿದರು. "ಬರಂಗಿಲ್ಲವಂತೆ! ಸೊಕ್ಕು ನೋಡ್ರಿ!"

"ಆ ಸೊಕ್ಕಿನ ದನಿ ನಿಮ್ದು ಸಾಹೇಬ್ರ, ನಂದಲ್ಲ. ನೀವು ಬರೆದದ್ದನ್ನ ನಾನೂ ಒಮ್ಮೆ ಓದ್ಲೇನ್ರಿ?"

"ಓದು, ಬುದ್ಧಿ ಬರಲಿ."

ಅವರ ಓಣಿಯಲ್ಲಿ ಹೆಣದ ಮುಂದೆ ಹಾಡಿಕೊಂಡು ಅಳುತ್ತಾರೆ. ಹುಲಿಗೆಮ್ಮ ನೆಲಕ್ಕೆ ಕೂತು, ಎದೆ ಬಡಿದುಕೊಳ್ಳುತ್ತ, ಅದೇ ರಾಗದಲ್ಲಿ ವಜಾ ಆದೇಶ ಓದಿದಳು. "ಅಶಿಸ್ತಿನ ಕಾರಣಕ್ಕೆ... ನನ್ನವ್ವಾ... ತಕ್ಷಣದಿಂದ ವಜಾ... ನನ್ನ ಕೂಸೇ..."

ಗುಮಾಸ್ತರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಸಾಕು ನಿಲ್ಲಿಸವ್ವಾ" ಎಂದು ಸಾಹೇಬರು ಕಿಟಕಿಯತ್ತ ತಿರುಗಿದರು.

"ನಿಮ್ಮ ಆದೇಶನೂ ಅಳತೈತಿ ನೋಡ್ರಿ. ಈಗ ನನ್ನ ಸಾಲನ್ನ ಮತ್ತೊಮ್ಮೆ ಓದ್ರಿ."

ಅವರಿಗೆ ಓದಲಾಗಲಿಲ್ಲ. ಆದೇಶ ಹರಿದು ಹಾಕಿದರು. ಆದರೆ ಸತ್ತ ಮಗಳ ಹೆಸರೇನೆಂದು ಆಗಲೂ ಯಾರೂ ಕೇಳಲಿಲ್ಲ.

ಸಾವು ಹೇಳುವ ಇಂಥದೊಂದು ಸಾಲು ನಿಮ್ಮ ಮೊಬೈಲಿನಲ್ಲೂ ಬಿದ್ದಿರಬಹುದು. ಉತ್ತರ ಬರೆಯಬೇಡಿ. ಎದ್ದು ಅವರ ಮನೆಗೆ ಹೋಗಿ.