ಭಾರಿ ಟ್ಯಾಂಕೂ ಮೂಲೆಯ ನಕ್ಷೆಯೂ

ಭಾರಿ ಟ್ಯಾಂಕನ್ನು ಯಾರೂ ಉರುಳಿಸಲಾರರು ಎಂದು ಆ ಆನ್‌ಲೈನ್ ಯುದ್ಧದ ಆಟದಲ್ಲಿ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಭಾರಿ ಟ್ಯಾಂಕೇ ನಂಬಿತ್ತು. ಅದು ದುರ್ಬೀನಿಗೆ ಕಣ್ಣಂಟಿಸಿ ಎದುರಿನ ಒಬ್ಬನೇ ವೈರಿಗೆ ಗುರಿಯಿಟ್ಟು ನಿಂತಿತ್ತು.

ಪರದೆಯ ಮೂಲೆಯಲ್ಲಿದ್ದ ಪುಟ್ಟ ನಕ್ಷೆಗೆ ಮೈಯೆಲ್ಲ ಉರಿಯಿತು. ಅದರೊಳಗೆ ಜೊತೆಗಾರರ ಹಸಿರು ಚುಕ್ಕಿಗಳು ಒಂದೊಂದಾಗಿ ಆರಿಹೋಗಿದ್ದವು. ವೈರಿಯ ಕೆಂಪು ಚುಕ್ಕಿಯೊಂದು ಸುತ್ತುಹಾಕಿ ಬರುತ್ತಿತ್ತು.

“ಅಣ್ಣಾ, ಒಮ್ಮೆ ಇತ್ತ ನೋಡಿ. ನಿಮ್ಮ ಬೆನ್ನ ಹಿಂದೆ ಒಬ್ಬ ಬರುತ್ತಿದ್ದಾನೆ.”

“ಯಾರವನು?”

“ಸಣ್ಣ ಟ್ಯಾಂಕು.”

“ಆ ತಗಡಿನ ಡಬ್ಬಿಯೇ? ಅದರ ಗುಂಡು ನನಗೆ ಸೊಳ್ಳೆ ಕಚ್ಚಿದ ಹಾಗೆ. ನೀನು ಮೂಲೆಯವನು, ಮೂಲೆಯಲ್ಲೇ ಬಿದ್ದಿರು.”

“ಒಂದು ಗುಂಡು ಹಾರಿಸಿ ಇನ್ನೊಂದು ತುಂಬುವಷ್ಟು ಹೊತ್ತಾದರೂ ನನ್ನ ಕಡೆ ನೋಡಬಹುದಲ್ಲ. ಆಗ ನಿಮಗೇನು ಘನಂದಾರಿ ಕೆಲಸ?”

“ಗುರಿ ಬಿಟ್ಟು ಕಣ್ಣು ತೆಗೆಯುವುದು ಹೇಡಿಗಳ ಚಾಳಿ.”

ಸಣ್ಣ ಟ್ಯಾಂಕು ಹಿಂದೆ ಬಂದು ನಿಂತು, ಆರಾಮಾಗಿ ಗುರಿಯಿಟ್ಟು ಹೊಡೆಯಿತು. ಭಾರಿ ಟ್ಯಾಂಕು ಧಗಧಗ ಉರಿಯುತ್ತಲೇ, “ಥೂ, ಎಂಥ ತಂಡ ಸಿಕ್ಕಿತು ನನಗೆ. ಒಬ್ಬನಾದರೂ ಹೇಳಬಾರದಿತ್ತೇ?” ಎಂದಿತು.

ಭಾರಿ ಟ್ಯಾಂಕಿನ ದಪ್ಪ ಕವಚ ಇದ್ದದ್ದು ಮುಂಭಾಗದಲ್ಲಿ ಮಾತ್ರ.