ಚಿಕ್ಕತಾಯಮ್ಮ ಎತ್ತಿದ ಸಣ್ಣ ಕಲ್ಲು

ಒಂದು ಕಾಡಿನಲ್ಲಿ ಚಿಕ್ಕತಾಯಮ್ಮ ಎಂಬ ಕರಡಿ ತನ್ನ ಎರಡು ಮರಿಗಳ ಜೊತೆ ವಾಸವಾಗಿದ್ದಳು. ಹೆಸರಿಗಷ್ಟೇ ಚಿಕ್ಕ, ಮೈಯೇನೋ ದೊಡ್ಡದೇ. ಆ ಮಳೆಗಾಲದಲ್ಲಿ ಅವಳು ಜ್ವರ ಬಂದು ಎರಡು ತಿಂಗಳು ಮಲಗಿದ್ದಳು. ಜ್ವರ ಬಿಟ್ಟಿತು, ಮಲಗುವ ಅಭ್ಯಾಸ ಬಿಡಲಿಲ್ಲ. ಕೂಡಿಟ್ಟ ಜೇನು ನೆಕ್ಕುತ್ತಾ ಗುಹೆಯಲ್ಲೇ ಉಳಿದಳು. ಮೈ ಭಾರವಾಯಿತು, ಕಾಲುಗಳು ಸೋತವು.

ಚಳಿಗಾಲ ಬಂತು. ಒಂದು ದಿನ ಮರಿಗಳು ಅವಳ ಬೆನ್ನೇರಿದವು. ಕರಡಿ ಮರಿಗಳ ಸವಾರಿ ಯಾವಾಗಲೂ ಅಮ್ಮನ ಬೆನ್ನ ಮೇಲೆಯೇ ತಾನೆ? ಚಿಕ್ಕತಾಯಮ್ಮ ನಾಲ್ಕು ಹೆಜ್ಜೆ ಇಟ್ಟಳು, ಐದನೆಯದಕ್ಕೆ ಮುಗ್ಗರಿಸಿ ಬಿದ್ದಳು. ಮರಿಗಳು ಆಟವೆಂದುಕೊಂಡು ನಕ್ಕವು. ಅವಳ ಎದೆ ಮಾತ್ರ ಧಸಕ್ಕೆಂದಿತು. ಮುತ್ತುಗದ ಹೂ ಉದುರುವ ಹೊತ್ತಿಗೆ ಕಾಡಿನ ಕೆರೆ ಬತ್ತುತ್ತದೆ. ಆಗ ಎಲ್ಲರೂ ಗುಡ್ಡ ಹತ್ತಿ ಆಚೆಯ ಹೊಳೆಗೆ ಹೋಗಬೇಕು. ಕಾದ ಬಂಡೆಗಳ ಮೇಲೆ ಮರಿಗಳು ನಡೆಯಲಾರವು. ತಾನು ಹೊರಲಾಗದಿದ್ದರೆ ಮಕ್ಕಳ ಗತಿಯೇನು?

ಅವಳು ಕಣ್ಣೀರು ಹಾಕುವುದನ್ನು ಕೆಂಚ ಎಂಬ ನರಿ ಪೊದೆಯ ಮರೆಯಿಂದ ನೋಡಿದ. ಅವನ ಕಣ್ಣು ಗುಹೆಯೊಳಗಿನ ಜೇನಿನ ಮೇಲಿತ್ತು.

"ಅಳಬೇಡ ಅಕ್ಕಾ, ನನ್ನ ಹತ್ತಿರ ಶಕ್ತಿಬೇರು ಇದೆ. ದಿನಕ್ಕೊಂದು ಅಗಿದು ಸುಮ್ಮನೆ ಮಲಗು. ಅಲುಗಾಡಿದರೆ ಶಕ್ತಿಯೆಲ್ಲ ಸೋರಿಹೋಗುತ್ತೆ, ಜೋಕೆ! ನನಗೇನೂ ಬೇಡಪ್ಪ, ದಿನಕ್ಕೊಂದು ಜೇನುಹುಟ್ಟು ಕೊಟ್ಟರೆ ಸಾಕು" ಎಂದ.

ಮಲಗಿಕೊಂಡೇ ಗುಣವಾಗುವ ಔಷಧ ಯಾರಿಗೆ ಬೇಡ? ಹದಿನೈದು ದಿನ ಹೀಗೇ ನಡೆಯಿತು. ಕೆಂಚನ ಹೊಟ್ಟೆ ಮುಂದೆ ಬಂತು. ಚಿಕ್ಕತಾಯಮ್ಮನಿಗೆ ಎದ್ದು ನಿಲ್ಲುವುದೂ ಕಷ್ಟವಾಯಿತು.

ಆ ಕಾಡಿನ ಆಲದ ಮರದ ಕೆಳಗೆ ಒಂದು ಗರಡಿ ಇತ್ತು. ಅಲ್ಲಿ ಕೆಂಪು ಮಣ್ಣಿನ ಅಂಗಳ, ಸಾಲಾಗಿ ಇಟ್ಟ ಗುಂಡುಕಲ್ಲುಗಳು. ಮಾದಯ್ಯ ಎಂಬ ಮುದಿ ಮುಸುವ ಕೋತಿ ಅದರ ಉಸ್ತಾದ. ಚಿಕ್ಕತಾಯಮ್ಮನನ್ನು ನೋಡಲು ಬಂದವನು ಆ ಬೇರನ್ನು ಮೂಸಿ ನೋಡಿ ನಕ್ಕುಬಿಟ್ಟ.

"ಇದು ಹಂದಿಗಳು ದಿನಾ ಅಗೆದು ತಿನ್ನೋ ಕೊನ್ನಾರಿ ಹುಲ್ಲಿನ ಗೆಡ್ಡೆ ಕಣಮ್ಮ! ಇದರಿಂದ ಶಕ್ತಿ ಬರೋದಾದರೆ ಕಾಡುಹಂದಿಗಳೆಲ್ಲ ಪೈಲ್ವಾನರಾಗಬೇಕಿತ್ತು."

ಚಿಕ್ಕತಾಯಮ್ಮನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಮರುದಿನವೇ ಗರಡಿಗೆ ಹೋದಳು. ಅಲ್ಲೊಂದು ಪದ್ಧತಿಯಿತ್ತು. ಹೊಸಬರು ಸಾಲಿನ ತುದಿಯ ಸಣ್ಣ ಕಲ್ಲಿಗೆ ಕೈಮುಗಿದು ಮೊದಲು ಅದನ್ನೇ ಎತ್ತಬೇಕು. ಆ ಕಲ್ಲು ಬೇಲದ ಹಣ್ಣಿನಷ್ಟಿತ್ತು.

"ಇಷ್ಟು ಸಣ್ಣದಾ? ಕರಡಿ ಜಾತಿಯವಳು ನಾನು. ನೋಡಿದವರು ಏನಂದಾರು?" ಎಂದು ಅವಳು ಉಸ್ತಾದ ತಡೆಯುವ ಮೊದಲೇ ಎಲ್ಲಕ್ಕಿಂತ ದೊಡ್ಡ ಗುಂಡನ್ನು ತಬ್ಬಿದಳು. ಕಲ್ಲು ಅಲುಗಲಿಲ್ಲ. ಸೊಂಟ ಹಿಡಿದುಕೊಂಡಿತು. ಮತ್ತೆ ಎಂಟು ದಿನ ಗುಹೆಯೇ ಗತಿಯಾಯಿತು.

ಕೆಂಚ ಓಡೋಡಿ ಬಂದ. "ನಾನು ಹೇಳಲಿಲ್ವಾ ಅಕ್ಕಾ? ಮಕ್ಕಳ ತಾಯಿಗೆ ಕಲ್ಲೆತ್ತೋ ಉಸಾಬರಿ ಯಾಕೆ? ಮಲಗು, ಮಲಗು. ಎಲ್ಲಿ, ಇವತ್ತಿನ ಜೇನು?"

ಬೇರು ಮೋಸವೆಂದು ಗೊತ್ತಿದ್ದರೂ ಮಲಗುವ ಆಸೆಗೆ ಚಿಕ್ಕತಾಯಮ್ಮನ ಕೈ ಜೇನುಹುಟ್ಟಿನತ್ತ ಹೋಯಿತು. ಅಷ್ಟರಲ್ಲಿ ಕಿರಿಯ ಮರಿ ಅವಳ ಹೊಟ್ಟೆಯ ಕೆಳಗೆ ತಲೆ ತೂರಿಸಿ ಮೇಲಕ್ಕೆತ್ತಲು ತಿಣುಕಿತು.

"ಅಮ್ಮಾ, ನೀನು ಹೆದರಬೇಡ. ಹೊಳೆಗೆ ನಿನ್ನನ್ನ ನಾನೇ ಹೊತ್ಕೊಂಡು ಹೋಗ್ತೀನಿ."

ಅವಳು ಮರಿಯನ್ನು ತಬ್ಬಿಕೊಂಡಳು. ಜೇನುಹುಟ್ಟನ್ನು ಹಿಂದಕ್ಕೆಳೆದುಕೊಂಡಳು. "ನಡಿಯಪ್ಪಾ ಕೆಂಚ, ಇನ್ನು ಈ ಕಡೆ ಬರಬೇಡ" ಎಂದಳು.

ಒಂಬತ್ತನೆಯ ದಿನ ಅವಳು ತಲೆ ತಗ್ಗಿಸಿಕೊಂಡು ಗರಡಿಗೆ ಬಂದಳು. ಮಾದಯ್ಯ ಬೈಯಲಿಲ್ಲ. "ಮೊದಲು ಕಲ್ಲಿಲ್ಲದೆ ಐದು ಬಸ್ಕಿ ಹೊಡಿ ಮಗಳೇ" ಎಂದ. ಮೂರನೆಯದಕ್ಕೇ ಅವಳು ಧೊಪ್ಪನೆ ಕೂತಳು. "ಮೂರು ಆಯ್ತಲ್ಲ, ಸಾಕು" ಎಂದ. ಆಮೇಲೆ ಅವಳು ಸಣ್ಣ ಕಲ್ಲಿಗೆ ಕೈಮುಗಿದಳು.

"ಸೊಂಟ ಬಗ್ಗಿಸಿ ಎತ್ತಬೇಡ, ಮಂಡಿ ಮಡಿಸಿ ಎತ್ತು. ಕಲ್ಲು ಮೈಗೆ ಹತ್ತಿರ ಇರಲಿ. ಉಸಿರು ಕಟ್ಟಬೇಡ."

ಕಲ್ಲು ಮೇಲೆ ಬಂತು. ಚಿಕ್ಕತಾಯಮ್ಮನಿಗೆ ಹುರುಪು ಬಂತು. "ನಾಳೆ ಬೆಳಿಗ್ಗೆನೇ ಬರ್ತೀನಿ ಉಸ್ತಾದರೇ!"

"ನಾಳೆ ಬೇಡ, ನಾಡಿದ್ದು ಬಾ. ಸಾಮು ಮಾಡಿದ ಮೈಗೆ ವಿಶ್ರಾಂತಿನೂ ಬೇಕು. ಗೆದ್ದಲು ಚೆನ್ನಾಗಿ ತಿನ್ನು, ಜೇನು ಕಡಿಮೆ ಮಾಡು, ನಿದ್ದೆ ಮಾಡು."

ಹೀಗೆ ದಿನ ಬಿಟ್ಟು ದಿನ ಸಾಮು ನಡೆಯಿತು. ಬೇಲದ ಹಣ್ಣಿನಷ್ಟಿದ್ದ ಕಲ್ಲು ಕುಂಬಳಕಾಯಿಯಷ್ಟಾಯಿತು. ಮುತ್ತುಗ ಅರಳುವಾಗ ಹಲಸಿನ ಹಣ್ಣಿನಷ್ಟಾಯಿತು. ಒಂದು ಬೆಳಿಗ್ಗೆ ಅವಳು ಗೋಡೆ ಹಿಡಿಯದೆಯೇ ಎದ್ದು ನಿಂತಿದ್ದಳು. ನೋಡಲು ಯಾರೂ ಇರಲಿಲ್ಲ. ಒಬ್ಬಳೇ ನಕ್ಕಳು.

ಕೆರೆ ಬತ್ತಿತು. ಪ್ರಾಣಿಗಳೆಲ್ಲ ಗುಡ್ಡದ ಬುಡದಲ್ಲಿ ಸೇರಿದವು. ಮರಿಗಳು ಬೆನ್ನೇರಿದವು. ಈ ನಡುವೆ ಅವೂ ದಪ್ಪವಾಗಿದ್ದವು! ಚಿಕ್ಕತಾಯಮ್ಮ ಉಸಿರು ಬಿಟ್ಟು ಎದ್ದಳು. ಒಂದು, ಎರಡು, ಮೂರು, ನಾಲ್ಕು. ಐದನೆಯ ಹೆಜ್ಜೆಗೆ ಅವಳ ಎದೆ ಹೊಡೆದುಕೊಂಡಿತು. ಬೀಳಲಿಲ್ಲ. ಆರನೆಯದನ್ನು ಎಣಿಸಲು ಮರೆತೇಹೋಯಿತು.

ಅರ್ಧ ಗುಡ್ಡದಲ್ಲಿ ಕೆಂಚ ಏದುಸಿರು ಬಿಡುತ್ತಾ ಕುಸಿದು ಕೂತಿದ್ದ. "ಅಕ್ಕಾ, ನನ್ನನ್ನೂ ಹೊತ್ಕೋ!"

"ನಿನ್ನ ಶಕ್ತಿಬೇರು ಎಲ್ಲಪ್ಪಾ?"

ಕೆಂಚ ಎಲ್ಲರೆದುರು ತಲೆ ತಗ್ಗಿಸಿದ. "ಅದು ಸುಳ್ಳು ಅಕ್ಕಾ."

"ಬೆನ್ನ ಮೇಲೆ ಜಾಗ ಇಲ್ಲ ತಮ್ಮಾ, ಮಕ್ಕಳಿದ್ದಾರೆ. ಹತ್ತು ಹೆಜ್ಜೆ ನಡಿ, ಕೂತ್ಕೋ. ಮತ್ತೆ ಹತ್ತು ಹೆಜ್ಜೆ ನಡಿ. ನೀನೂ ಬರ್ತೀಯ."

ಸಂಜೆಗೆ ಮರಿಗಳು ಹೊಳೆಯಲ್ಲಿ ನೀರೆರಚಿ ಆಡಿದವು. ಕೆಂಚ ನಾಲಿಗೆ ಚಾಚಿಕೊಂಡು ತಲುಪಿದ್ದು ಮರುದಿನ ಮಧ್ಯಾಹ್ನ.

ಮಳೆ ಬಂದು ಎಲ್ಲರೂ ಕಾಡಿಗೆ ಮರಳಿದರು. ಗರಡಿಯಲ್ಲಿ ಒಬ್ಬ ಹೊಸಬ ಬಂದು ನಿಂತ. ಚಿಕ್ಕತಾಯಮ್ಮ ಅವನಿಗೆ ತುದಿಯ ಕಲ್ಲನ್ನು ತೋರಿಸಿದಳು.

"ಇಷ್ಟು ಸಣ್ಣದಾ?" ಎಂದ ಕೆಂಚ.

ಚಿಕ್ಕತಾಯಮ್ಮ ತನ್ನ ಸೊಂಟ ಸವರಿಕೊಂಡು ನಕ್ಕಳು. "ಕೈಮುಗಿದು ಎತ್ತಪ್ಪಾ" ಎಂದಳು.

ನೀತಿ: ಶಕ್ತಿಯನ್ನು ಯಾರೂ ನಮಗೆ ತಂದು ಕೊಡಲಾರರು. ನಾಚಿಕೆಪಡದೆ ಸಣ್ಣದರಿಂದ ಶುರುಮಾಡಿ, ಬಿಡದೆ ಮುಂದುವರಿಸಿದರೆ ಅದು ಬಂದೇ ಬರುತ್ತದೆ.