ಐದು ಮನೆಗಳ ಕೌದಿ

“ಅಯ್ಯನವರೇ, ಪ್ರೀತಿಯಿಂದ ಶುರು ಮಾಡಿದ್ದು ಭಾರವಾದರೆ ನಿಲ್ಲಿಸಬಹುದೇ?”

ಕೇಳಿದವಳು ಸುವಾರ್ತಾ. ಸಭೆಯ ಮಕ್ಕಳಿಗೆ ಪಾಠ ಹೇಳುವುದನ್ನು ಅವಳು ಚರ್ಚಿನ ಪಾದ್ರಿಯಾದ ಅಯ್ಯನವರ ಬಳಿ ಕಲಿಯುತ್ತಿದ್ದಳು. ಮದುವೆಯಾದ ವರ್ಷ ಕ್ರಿಸ್‌ಮಸ್‌ಗೆ ಗಂಡನ ಕಡೆಯವರಿಗೆಲ್ಲ ದಿಂಬಿನ ಹೊದಿಕೆಗೆ ಕಸೂತಿ ಹಾಕಿ ಕೊಟ್ಟಿದ್ದಳು. ಆಮೇಲೆ ಅದು ಪ್ರತಿವರ್ಷದ ಪದ್ಧತಿಯಾಯಿತು. ಈ ಸಲ ಅವಳ ಮಡಿಲಲ್ಲಿ ಮಗುವಿತ್ತು. ಹಬ್ಬಕ್ಕೆ ಮೂರು ವಾರ ಉಳಿದಿತ್ತು, ಒಂದು ಹೊದಿಕೆಯೂ ಮುಗಿದಿರಲಿಲ್ಲ. ಕೊಡದಿದ್ದರೆ ಅತ್ತೆಯವರು ಬೇಸರ ಮಾಡಿಕೊಳ್ಳುತ್ತಾರೇನೋ ಎಂದೂ ಅವಳು ಕೇಳಿದಳು.

ಅಯ್ಯನವರು ಆಗಬಹುದು ಎನ್ನಲಿಲ್ಲ, ಕೂಡದು ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈ ಪಳಗಿತ್ತು. ಮದುವೆಯಾಗಿ ಬಂದ ವರ್ಷ ಕ್ರಿಸ್‌ಮಸ್‌ಗೆ ಹಿರಿಯ ನಾದಿನಿಗೆ ಒಂದು ಕೌದಿ ಹೊಲಿದು ಕೊಟ್ಟಳು. ಯಾರೂ ಕೇಳಿರಲಿಲ್ಲ. ಹೊಸ ಮನೆಯಲ್ಲಿ ಮೊದಲು ನಕ್ಕು ಮಾತಾಡಿಸಿದವಳು ಆ ನಾದಿನಿಯೇ ಎಂಬ ಸಂತೋಷಕ್ಕೆ ಕೊಟ್ಟಳು. ಮನೆಯವರೆಲ್ಲ ಅದನ್ನು ಮುಟ್ಟಿ ನೋಡಿ ಹೊಗಳಿದರು. ಮರುವರ್ಷ ಕಿರಿಯ ನಾದಿನಿಯೂ ತನ್ನ ಹಳೆಯ ಸೀರೆಗಳನ್ನು ಕಳಿಸಿದಳು. ಅದರ ಮರುವರ್ಷ ಮೈದುನರ ಮನೆಗಳಿಂದಲೂ ಗಂಟುಗಳು ಬಂದವು. ಕೊನೆಗೆ ಐದು ಮನೆ, ಐದು ಕೌದಿ ಎಂದಾಯಿತು. ಯುಗಾದಿ ಕಳೆದದ್ದೇ ಹೊಲಿಯಲು ಕೂತರೆ ಡಿಸೆಂಬರಿಗೆ ಮುಗಿಯುತ್ತಿತ್ತು. ಹೀಗೆ ಹತ್ತು ವರ್ಷ ನಡೆಯಿತು.

ಹನ್ನೊಂದನೆಯ ವರ್ಷ, ನವೆಂಬರಿನಲ್ಲಿ, ಅವಳ ತಾಯಿಯ ಕಣ್ಣಿನ ಪೊರೆ ತೆಗೆದರು. ತಲೆ ಬಗ್ಗಿಸಬಾರದು, ಒಲೆಯ ಹತ್ತಿರ ಹೋಗಬಾರದು, ದಿನಕ್ಕೆ ಆರು ಸಲ ಔಷಧದ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿದ್ದ ಅಣ್ಣ ಬಸ್ಸಿನ ಚಾಲಕ, ಎರಡು ದಿನಕ್ಕೊಮ್ಮೆ ಮನೆ ಸೇರುತ್ತಿದ್ದ. ಹೊಲಿಗೆಯಿಂದ ಬಿಡುವಾದರೆ ನಾಲ್ಕು ದಿನ ಬಂದು ಹೋಗು ಎಂದು ತಾಯಿ ಹೇಳಿ ಕಳಿಸಿದಳು.

ಬಿಡುವಾದರೆ ಎಂಬ ಮಾತು ಮಗಳಿಗೆ ನಾಟಿತು. ಆಗ ಎರಡು ಕೌದಿ ಮುಗಿದಿದ್ದವು, ಮೂರು ಉಳಿದಿದ್ದವು. ಅವಳು ಅತ್ತೆಗೆ ತಿಳಿಸಿ, ಉಳಿದ ಸೀರೆಗಳ ಗಂಟನ್ನು ಹೊತ್ತು ತವರಿಗೆ ಹೋದಳು. ಅಲ್ಲಿ ಕೂತು ಮುಗಿಸಿಬಿಡುತ್ತೇನೆ ಎಂದುಕೊಂಡಿದ್ದಳು. ಆದರೆ ಅಡುಗೆ, ಔಷಧ, ತಾಯಿಯ ಕೈ ಹಿಡಿದು ನಡೆಸುವುದು ಇಷ್ಟರಲ್ಲೇ ದಿನ ಸರಿದುಹೋಗುತ್ತಿತ್ತು. ನಾಲ್ಕು ದಿನಕ್ಕೆಂದು ಹೋದವಳು ಒಂದು ತಿಂಗಳು ಉಳಿದಳು. ಗಂಟು ಬಿಚ್ಚಲೇ ಇಲ್ಲ.

ಹಬ್ಬದ ಹಿಂದಿನ ದಿನ ಗಂಡನ ಮನೆಗೆ ಮರಳಿದಳು. ಇದ್ದದ್ದು ಎರಡು ಕೌದಿ. ಇಬ್ಬರಿಗೆ ಕೊಟ್ಟರೆ ಮೂವರಿಗೆ ನೋವಾಗುತ್ತದೆ ಎಂದು ಆ ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

ಮರುದಿನ ಆರಾಧನೆ ಮುಗಿಸಿ ಎಲ್ಲರೂ ಮನೆಗೆ ಬಂದರು. ಊಟವಾಯಿತು. ಕರಜಿಕಾಯಿಯ ತಟ್ಟೆ ಸುತ್ತಿ ಬಂತು. ಕೌದಿಯ ವಿಷಯ ಯಾರೂ ಎತ್ತಲಿಲ್ಲ, ಆದರೆ ಯಾರೂ ಎದ್ದು ಹೋಗಲೂ ಇಲ್ಲ. ಕೊನೆಗೆ ಹಿರಿಯ ನಾದಿನಿ ಮೆಲ್ಲಗೆ ಕೇಳಿದಳು:

“ಈ ವರ್ಷ ನಮ್ಮನ್ನು ಮರೆತೆಯಾ?”

ಆ ಹೆಂಗಸು ತಾಯಿಯ ಕಣ್ಣಿನ ಕಾರಣ ಹೇಳಬಹುದಿತ್ತು. ಬಾಯಿಗೆ ಬೇರೆಯೇ ಮಾತು ಬಂತು.

“ಈ ವರ್ಷ ಅಲ್ಲ ಅಕ್ಕ, ಮರೆತು ಬಹಳ ವರ್ಷವಾಯಿತು. ಮೊದಲ ಕೌದಿ ಹೊಲಿಯುವಾಗ ನೀವೇ ಕಣ್ಣ ಮುಂದೆ ಇದ್ದಿರಿ. ಈಗ ಹೊಲಿಯುವಾಗ ಇನ್ನೆಷ್ಟು ಉಳಿದಿದೆ ಎಂಬುದು ಬಿಟ್ಟರೆ ಬೇರೇನೂ ನೆನಪಾಗುವುದಿಲ್ಲ.”

ಹೇಳಿದ ಮೇಲೆ ಅವಳಿಗೆ ಹೆದರಿಕೆಯಾಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಹಿರಿಯ ನಾದಿನಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಆಮೇಲೆ ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತಳು.

“ನನ್ನ ಮನೆಯಲ್ಲಿ ಇರುವವರು ಮೂವರು,” ಎಂದಳು. “ಪೆಟ್ಟಿಗೆಯಲ್ಲಿ ಏಳು ಕೌದಿ ಮಡಿಸಿದ್ದು ಮಡಿಸಿದ ಹಾಗೇ ಇವೆ. ಇನ್ನು ಸಾಕು ಅನ್ನೋಣವೆಂದು ಎಷ್ಟೋ ಸಲ ಅಂದುಕೊಂಡೆ. ನನ್ನ ಗಂಟು ಬರದಿದ್ದರೆ ನಿನ್ನ ಮನಸ್ಸಿಗೆ ನೋವಾದೀತು ಎಂದು ಕಳಿಸುತ್ತಾ ಬಂದೆ.”

ಹಿರಿಯ ಮೈದುನನ ಹೆಂಡತಿ ತಲೆ ತಗ್ಗಿಸಿ, ತಾನೂ ಹಾಗೇ ಕಳಿಸುತ್ತಿದ್ದೆ ಎಂದಳು. ಅತ್ತೆ, ಸೊಸೆಯ ತಾಯಿಗೆ ಈಗ ಎಷ್ಟು ಕಾಣುತ್ತದೆ ಎಂದು ಮಾತ್ರ ವಿಚಾರಿಸಿದಳು.

ಎಲ್ಲರೂ ಸಮಾಧಾನವಾಗಿ ಹೋದರು ಎಂದಲ್ಲ. ಕಿರಿಯ ನಾದಿನಿ ಬಸುರಿ. ಹುಟ್ಟುವ ಮಗುವಿಗೆಂದು ತನ್ನ ಮದುವೆಯ ಸೀರೆಯನ್ನೇ ಕಳಿಸಿದ್ದಳು. ಅವಳಿಗೆ ಆ ಕೌದಿ ನಿಜಕ್ಕೂ ಬೇಕಾಗಿತ್ತು. ಅವಳು ಕರಜಿಕಾಯಿ ಮುಟ್ಟದೆ, ಹೋಗಿ ಬರುತ್ತೇನೆ ಎಂದೂ ಹೇಳದೆ ಹೊರಟುಹೋದಳು.

ಹೊಸ ವರ್ಷ ಬಂತು. ಆ ಹೆಂಗಸು ಗಂಟು ಬಿಚ್ಚಿ ಆ ಮದುವೆಯ ಸೀರೆಯನ್ನು ಹೊರತೆಗೆದಳು. ಅವಸರವಿಲ್ಲದೆ ಹೊಲಿದಳು. ಹೊಲಿಯುವಾಗ ಕಿರಿಯ ನಾದಿನಿಯ ಮುನಿಸಿದ ಮುಖ ನೆನಪಾಗುತ್ತಿತ್ತು, ಹುಟ್ಟಲಿರುವ ಕೂಸು ನೆನಪಾಗುತ್ತಿತ್ತು. ಮಾರ್ಚಿನಲ್ಲಿ, ಯಾವ ಹಬ್ಬವೂ ಇಲ್ಲದ ಒಂದು ದಿನ, ಬಾಣಂತಿಯ ಕೋಣೆಗೆ ಹೋಗಿ ಆ ಪುಟ್ಟ ಕೌದಿಯನ್ನು ಕೂಸಿನ ಕೆಳಗೆ ಹಾಸಿದಳು. ನಾದಿನಿ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟಳು.

ಕತೆ ಅಲ್ಲಿಗೆ ಮುಗಿಯಿತು. ಸುವಾರ್ತಾ ಕಣ್ಣೊರೆಸಿಕೊಂಡಳು.

“ಹಾಗಾದರೆ ಅಯ್ಯನವರೇ, ಈ ವರ್ಷ ನಾನು ಕೊಡದಿದ್ದರೆ ಅತ್ತೆಯವರು ಬೇಸರ ಮಾಡಿಕೊಳ್ಳುವುದಿಲ್ಲವೇ?”

ಅಯ್ಯನವರು ಹೇಳಿದರು: “ಅದನ್ನು ನನ್ನ ಹತ್ತಿರ ಎರಡು ಸಲ ಕೇಳಿದೆಯಲ್ಲ ತಾಯಿ, ಅತ್ತೆಯವರನ್ನು ಒಂದು ಸಲವಾದರೂ ಕೇಳಿದೆಯಾ?”